ಅತ್ತೆಗೆ ಆಟ ಹೇಳಿದ ಮಳೆಗಾಲ

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ತಿರುಗುವ ಆ ಓಣಿಗೆ ಮೊನ್ನೆ ಹೋಗಬೇಕಾಯಿತು. ನಾವು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳ ನಿಶ್ಚಿತಾರ್ಥ. ಮಳೆ ಆಗಷ್ಟೇ ನಿಂತಿತ್ತು. ಆಟೋ ಇಳಿದು, ನೀರು ನಿಂತ ಕಡೆ ತಪ್ಪಿಸಿಕೊಂಡು ನಡೆಯುತ್ತಿದ್ದಾಗ ಲೇಥ್ ಮಷೀನಿನ ಎಣ್ಣೆ, ಒದ್ದೆಯಾದ ಕಬ್ಬಿಣದ ಚೂರು, ಯಾರದೋ ಅಡುಗೆಮನೆಯಲ್ಲಿ ಹುರಿಯುತ್ತಿದ್ದ ಶೇಂಗಾ, ಎಲ್ಲದರ ವಾಸನೆ ಒಟ್ಟಿಗೇ ಬಂತು. ಬೇರೆ ಎಲ್ಲಿಯೂ ಈ ವಾಸನೆ ನನಗೆ ಸಿಕ್ಕಿಲ್ಲ. ಕಾಲು ತಾನಾಗಿಯೇ ನಿಧಾನವಾಯಿತು. ನನ್ನ ಮದುವೆಯಾದ ವರ್ಷದ ಮಳೆಗಾಲ, ಅತ್ತೆ ನೀಲವ್ವ ನಮ್ಮ ಜೊತೆ ಇದ್ದ ಆ ಮಳೆಗಾಲ, ಇಡಿಯಾಗಿ ನೆನಪಿಗೆ ಬಂತು.

ನಾನು ಧಾರವಾಡದವಳು, ಶಾಲಾ ಮಾಸ್ತರರ ಮಗಳು. ಗಂಡ ಮಾಂತೇಶ ಧಾರವಾಡದ ಹತ್ತಿರದ ಹಳ್ಳಿ ಗರಗದವನು. ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ, ಪಂಪಿನ ಬಿಡಿಭಾಗ ಮಾಡುವಲ್ಲಿ, ಸೂಪರ್‌ವೈಸರ್. ನನ್ನ ಕೆಲಸವನ್ನು ಹೇಳಿದರೆ ಜನ ಎರಡನೇ ಸಲ ಕೇಳುತ್ತಾರೆ. ನಾನು ಕನ್ನಡದ ಒಂದು ವೆಬ್ ಪತ್ರಿಕೆಗೆ ವಿಡಿಯೋ ಗೇಮುಗಳ ವಿಮರ್ಶೆ ಬರೆಯುತ್ತೇನೆ. ಹೆಣ್ಣು ನೋಡಲು ಬಂದ ದಿನ ಮಾಂತೇಶನೂ ಎರಡು ಸಲ ಕೇಳಿದ್ದ. "ಆಟಾ ಆಡಿ ಬರೀತೀರೇನ್ರಿ?" ಹೌದು ಎಂದೆ. "ಛಲೋ ಆತ ಬಿಡ್ರಿ," ಎಂದ. ಹಾಸ್ಯ ಮಾಡಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ನಾನು ಒಪ್ಪಿಕೊಳ್ಳಲು ಅದೂ ಒಂದು ಕಾರಣ.

ಬೇಸಿಗೆಯಲ್ಲಿ ಮದುವೆ. ಮಳೆ ಶುರುವಾಗುವ ಹೊತ್ತಿಗೆ ಮಾಂತೇಶ ತನ್ನ ತಾಯಿಯನ್ನು ಗರಗದಿಂದ ಕರೆದುಕೊಂಡು ಬಂದ. ಅಲ್ಲಿ ಹಿರಿಯ ಮಗ, ಸೊಸೆ, ಮೊಮ್ಮಕ್ಕಳು, ತುಂಬಿದ ಮನೆ. ಹುಬ್ಬಳ್ಳಿಗೆ ಕರೆತಂದದ್ದು ಕಣ್ಣು ತೋರಿಸಲಿಕ್ಕೆ. ಡಾಕ್ಟರು ನೋಡಿ ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿದೆ, ಆಪರೇಶನ್ ಆಗಲೇಬೇಕು ಎಂದರು. ಅತ್ತೆ ಮನೆಗೆ ಬಂದು ಕಾಲು ತೊಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, "ನಾ ಮಾಡಿಸಿಕೊಳ್ಳೂದಿಲ್ಲ. ಈ ಮಾತು ಇಲ್ಲಿಗೆ ಮುಗೀತು," ಎಂದರು. ಮಾಂತೇಶ ಬಹಳ ಹೇಳಿದ. ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. ಅದೇ ವಾರ ಮಳೆ ಹಿಡಿಯಿತು. ಇಂಥ ಮಳೆಯಲ್ಲಿ ಬಸ್ಸಿನಲ್ಲಿ ಕಳಿಸುವುದು ಬೇಡ ಎಂಬ ನೆಪದ ಮೇಲೆ ಅವರು ನಮ್ಮಲ್ಲೇ ಉಳಿದರು.

ನನಗೆ ಆ ದಿನಗಳಲ್ಲಿ ಬೇರೆ ತಲೆನೋವಿತ್ತು. ಪತ್ರಿಕೆಯಲ್ಲಿ ಗೇಮುಗಳ ಅಂಕಣವನ್ನು ಓದುವವರು ಕಡಿಮೆಯಾಗಿದ್ದರು. ಸಂಪಾದಕರು ಬೆಂಗಳೂರಿನವರು, ಮೆತ್ತಗೆ ಮಾತಾಡಿಯೇ ಚುಚ್ಚುವವರು. "ಸುಧಾ ಅವರೇ, ನಿಮ್ಮ ಹೋದ ವಿಮರ್ಶೆ ಮಿಕ್ಸರ್ ಜೊತೆ ಕೊಡ್ತಾರಲ್ಲ, ಆ ಕೈಪಿಡಿ ಥರ ಇತ್ತು," ಎಂದು ಫೋನಿನಲ್ಲಿ ಹೇಳಿದರು. ಮಳೆಗಾಲಕ್ಕೆ ಒಂದು ಮಾಲಿಕೆ ಮಾಡೋಣ, ಮೊದಲು ಕೈಯಲ್ಲಿ ಹಿಡಿದು ಆಡುವ ಹಳೆಯ ಯಂತ್ರಗಳ ಸೂಪರ್‌ಹೀರೋ ಆಟಗಳು, ಕೊನೆಯಲ್ಲಿ ಹೊಸದಾಗಿ ಬರಲಿರುವ ದೊಡ್ಡದೊಂದು ಸಾಹಸದ ಆಟ. ಓದುಗರು ಬಂದರೆ ಅಂಕಣ ಉಳಿಯುತ್ತದೆ, ಬರದಿದ್ದರೆ ನಿಲ್ಲಿಸೋಣ ಎಂದರು.

ಹಳೆಯ ಯಂತ್ರ ನನ್ನ ಹತ್ತಿರವೇ ಇತ್ತು. ನಾನು ಶಾಲೆಯಲ್ಲಿದ್ದಾಗ ಸೋದರಮಾವ ತಂದುಕೊಟ್ಟದ್ದು, ಅಂಗೈಯಷ್ಟು ಅಗಲ, ಬ್ಯಾಟರಿ ಹಾಕಿದರೆ ಈಗಲೂ ನಡೆಯುತ್ತಿತ್ತು. ಒಂದೇ ತೊಂದರೆ, ಅದರ ಪರದೆಗೆ ಒಳಗಿನಿಂದ ಬೆಳಕಿಲ್ಲ. ಈಗಿನ ಮೊಬೈಲಿನ ಹಾಗೆ ಅದು ಹೊಳೆಯುವುದಿಲ್ಲ. ಹೊರಗಿನ ಬೆಳಕು ಪರದೆಯ ಮೇಲೆ ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ಮೋಡ ಕವಿದು ಮನೆಯೊಳಗೆ ಮಧ್ಯಾಹ್ನವೇ ಸಂಜೆಯಂತಿರುವಾಗ ಬೆಳಕಿದ್ದದ್ದು ಒಂದೇ ಜಾಗ, ಮುಂಬಾಗಿಲಿನ ಹೊಸ್ತಿಲ ಒಳಬದಿ. ಅಲ್ಲಿ ಆಗಲೇ ಅತ್ತೆ ಕೂತಿರುತ್ತಿದ್ದರು. ಅವರಿಗೂ ಬೆಳಕು ಬೇಕಾಗಿತ್ತು. ಚಿಕ್ಕಂದಿನಲ್ಲಿ ಗರಗದಲ್ಲಿ ಖಾದಿಯ ನೂಲು ತೆಗೆದ ಬೆರಳು, ಕಣ್ಣು ಕಾಣದಿದ್ದರೂ ಸುಮ್ಮನಿರುತ್ತಿರಲಿಲ್ಲ. ಹತ್ತಿ ಹಿಂಜಿ ದೀಪದ ಬತ್ತಿ ಹೊಸೆಯುತ್ತಿದ್ದರು. ನಾನು ಹೊಸ್ತಿಲಿನ ಇನ್ನೊಂದು ಬದಿಗೆ ಹೋಗಿ ಕೂತೆ. ನಾವಿಬ್ಬರೂ ಅಲ್ಲಿಯವರೆಗೆ ಊಟ, ಚಹಾ, ಮಳೆ ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಅವರು ಫೋನಿನಲ್ಲಿ ಹಿರಿಯ ಸೊಸೆಗೆ, "ಈಕಿ ಮುಂಜಾನಿಂದ ಆಟಾ ಆಡ್ಕೋತ ಕುಂದರತಾಳ ನೋಡವ್ವ," ಎಂದು ಹೇಳುವುದನ್ನು ನಾನು ಕೇಳಿದ್ದೆ.

ಅಂದು ಯಂತ್ರ ಕಿಂಯ್ ಎಂದಿತು. ಅತ್ತೆ ತಲೆಯೆತ್ತಿದರು.

"ಏನದು, ಇಲಿಮರಿ ಕಿರಚಿದಂಗ ಸಪ್ಪಳ?"

"ಆಟದ್ರಿ ಅತ್ತಿ. ಒಬ್ಬವ ಅದಾನ್ರಿ, ಅವಗ ಹಾರಾಕ ಬರತೈತಿ. ಹಾರಿದಾಗ ಹಂಗ ಸಪ್ಪಳ ಆಗತೈತ್ರಿ."

"ಮನಷ್ಯಾನ?"

"ಹೌದ್ರಿ. ಕೆಂಪು ಶಾಲು ಹೊದ್ದಾನ. ಊರಾಗ ಕಳ್ಳರು ಬಂದಾರ, ಅವರನ್ನ ಹಿಡೀಬೇಕು. ಈಗ ಒಂದು ದೊಡ್ಡ ಕಟ್ಟಡದಾಗ ಮೆಟ್ಟಲಾ ಹತ್ತಾಕತ್ತಾನ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಹಾರಾಕ ಬರತೈತಿ ಅಂತಿ. ಮತ್ತ ಮೆಟ್ಟಲಾ ಯಾಕ ಹತ್ತತಾನ?"

ನನಗೆ ನಗು ತಡೆಯಲಾಗಲಿಲ್ಲ. ನಾನು ಎಷ್ಟೋ ವರ್ಷದಿಂದ ಆ ಆಟ ಆಡುತ್ತಿದ್ದೆ, ಅವನು ಯಾಕೆ ಮೆಟ್ಟಿಲು ಹತ್ತುತ್ತಾನೆ ಎಂದು ಕೇಳಿಕೊಂಡಿರಲಿಲ್ಲ. ಯೋಚಿಸಿ ಹೇಳಿದೆ, ಪರದೆ ಅಂಗೈಯಷ್ಟು, ಅದರಲ್ಲಿ ಆಕಾಶ ಎರಡು ಬೆರಳಿನಷ್ಟು, ಮೊದಲೇ ಹಾರಲು ಬಿಟ್ಟರೆ ಅವನು ಎದ್ದ ಕೂಡಲೇ ಆಟ ಮುಗಿದುಹೋಗುತ್ತದೆ. ಅದಕ್ಕೇ ಆಟ ಮಾಡಿದವರು ಅವನನ್ನು ಅರ್ಧ ಕತೆಯವರೆಗೆ ನೆಲಕ್ಕೆ ಕಟ್ಟಿಹಾಕಿದ್ದಾರೆ.

"ಪಾಪ," ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ, "ಮುಂದ ಏನಾತು?" ಎಂದರು.

ಹೀಗೆ ಶುರುವಾಯಿತು. ಮಾಂತೇಶ ಕೆಲಸಕ್ಕೆ ಹೋದ ಮೇಲೆ, ಅಡುಗೆ ಮುಗಿದ ಮೇಲೆ, ನಾವಿಬ್ಬರೂ ಹೊಸ್ತಿಲಿಗೆ ಬಂದು ಕೂಡುತ್ತಿದ್ದೆವು. ಎದುರಿನ ಶೆಡ್ಡಿನಲ್ಲಿ ಲೇಥ್ ತಿರುಗುತ್ತಿರುತ್ತಿತ್ತು, ತಗಡಿನ ಮೇಲೆ ಮಳೆ ಸುರಿಯುತ್ತಿರುತ್ತಿತ್ತು. ನಾನು ಆಡುತ್ತ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಹೇಳುವುದು ನಾನಂದುಕೊಂಡಷ್ಟು ಸುಲಭವಿರಲಿಲ್ಲ. "ಈಗ ಮೂರನೇ ಲೆವೆಲ್ರಿ," ಎಂದರೆ ಲೆವೆಲ್ ಅಂದರೇನು ಎನ್ನುತ್ತಿದ್ದರು. ಮನೆಯಲ್ಲಿ ಒಂದರ ಹಿಂದೆ ಒಂದು ಖೋಲಿ ಇದ್ದ ಹಾಗೆ, ಒಂದು ಖೋಲಿಯ ಬೀಗ ತೆಗೆದರೆ ಇನ್ನೊಂದು ಎಂದು ಹೇಳಬೇಕಾಯಿತು. "ಗ್ರಾಫಿಕ್ಸ್ ಸುಮಾರು ಅದಾವ್ರಿ," ಎಂದರೆ ಸುಮ್ಮನೆ ನನ್ನ ಕಡೆ ಮುಖ ಮಾಡಿ ಕಾಯುತ್ತಿದ್ದರು. ಆಗ ನಾನು ಪರದೆಯನ್ನು ಬೆಳಕಿಗೆ ಓರೆ ಮಾಡಿ ಮತ್ತೆ ನೋಡುತ್ತಿದ್ದೆ. ಹಿಂದಿನ ಊರು ಬರೀ ನಾಲ್ಕು ಮನೆಗಳ ಚಿತ್ರ, ಅದನ್ನೇ ತಿರುತಿರುಗಿ ಅಂಟಿಸಿದ್ದಾರೆ, ವೀರನ ಮುಖದಲ್ಲಿ ಕಣ್ಣು ಎಂದು ಎರಡು ಚುಕ್ಕಿ ಮಾತ್ರ ಇಟ್ಟಿದ್ದಾರೆ, ಆದರೆ ಅವನು ಓಡುವಾಗ ಶಾಲು ಮಾತ್ರ ಜೀವ ಇದ್ದ ಹಾಗೆ ಹಾರುತ್ತದೆ ಎಂದು ಹೇಳುತ್ತಿದ್ದೆ. "ಈಗ ತಿಳೀತು," ಎನ್ನುತ್ತಿದ್ದರು.

ಎರಡನೆಯ ಆಟದಲ್ಲಿ ಒಬ್ಬ ಹೆಂಗಸು ಬೇಕೆಂದಾಗ ಕಲ್ಲಾಗಿ ನಿಲ್ಲುತ್ತಿದ್ದಳು. ಕಲ್ಲಾದಾಗ ಯಾರು ಹೊಡೆದರೂ ಅವಳಿಗೆ ಪೆಟ್ಟಾಗುವುದಿಲ್ಲ, ಆದರೆ ಒಂದು ಹೆಜ್ಜೆ ಮುಂದೆ ಹೋಗಲಿಕ್ಕೂ ಆಗುವುದಿಲ್ಲ ಎಂದು ಹೇಳಿದೆ.

"ಮನ್ಯಾಗಿನ ಹೆಣ್ಮಕ್ಕಳ ಬಾಳೇ ಅದು ತಗೋ," ಎಂದರು ಅತ್ತೆ, ಹತ್ತಿಯಿಂದ ಮುಖ ಎತ್ತದೆ. ಅವರು ಹಾಸ್ಯ ಮಾಡಬಲ್ಲರು ಎಂದು ನನಗೆ ಅಂದು ತಿಳಿಯಿತು.

ಆ ಎರಡು ಆಟಗಳ ವಿಮರ್ಶೆಯನ್ನು ಅವರಿಗೆ ಹೇಳಿದ ಹಾಗೆಯೇ ಬರೆದು ಕಳಿಸಿದೆ. ಹಾರಬಲ್ಲವನನ್ನು ಮೆಟ್ಟಿಲು ಹತ್ತಿಸುವ ಆಟ ಯಾಕೆ ಇಷ್ಟವಾಗುತ್ತದೆ, ಕೊನೆಗೆ ಅವನು ಹಾರಿದಾಗ ಆ ಎರಡು ಬೆರಳಿನ ಆಕಾಶ ಹೇಗೆ ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿದ್ದೆ. ಸಂಪಾದಕರ ಫೋನು ಬಂತು. "ಇದೇನು ಮಾಡಿದ್ರಿ? ಓದ್ತಾ ಓದ್ತಾ ಆಟ ಕಣ್ಣಿಗೆ ಕಂಡಿತು ನಂಗೆ," ಎಂದರು. ಮನೆಯಲ್ಲಿ ಕೇಳುವವರೊಬ್ಬರು ಸಿಕ್ಕಿದ್ದಾರೆ ಎಂದೆ. ಓದುಗರೂ ಬಂದರು. ತಮ್ಮ ತಮ್ಮ ಹಳೆಯ ಯಂತ್ರಗಳನ್ನು ಕಪಾಟಿನಿಂದ ತೆಗೆದು ಒರೆಸಿದೆವು ಎಂದು ಕೆಳಗೆ ಬರೆದರು. ಅಂಕಣ ಉಳಿಯುವುದೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಎಲ್ಲ ಆ ದೊಡ್ಡ ಆಟದ ಮೇಲೆ ನಿಂತಿತ್ತು.

ಆಷಾಢದ ನಡುವೆ ಪತ್ರಿಕೆಯವರು ಆ ಆಟವನ್ನೂ ಅದನ್ನು ಆಡುವ ಕನ್ಸೋಲ್ ಯಂತ್ರವನ್ನೂ ಕೊರಿಯರಿನಲ್ಲಿ ಕಳಿಸಿಕೊಟ್ಟರು. ಭಾನುವಾರ ಮಾಂತೇಶ ಅದನ್ನು ಟಿವಿಗೆ ಜೋಡಿಸಿದ. ಇದು ಬೇರೆಯೇ ಜಾತಿಯ ಆಟ. ಖೋಲಿ ಇಲ್ಲ, ಬೀಗ ಇಲ್ಲ. ಒಂದು ನಾಡನ್ನೇ ಮಾಡಿ ನಮ್ಮ ಮುಂದಿಟ್ಟು ಎಲ್ಲಿಗೆ ಬೇಕಾದರೂ ಹೋಗು ಎಂದು ಬಿಟ್ಟಿರುತ್ತಾರೆ. ಒಬ್ಬ ಹುಡುಗಿ, ಅವಳಿಗೊಂದು ಕುದುರೆ, ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹೊರಟಿದ್ದಾಳೆ. ಹುಲ್ಲುಗಾವಲು, ನದಿ, ಅಲ್ಲಲ್ಲಿ ಹಳ್ಳಿ, ದೂರದಲ್ಲಿ ಬೆಟ್ಟ. ಕಂಡ ಬೆಟ್ಟವನ್ನೆಲ್ಲ ಹತ್ತಬಹುದು. ಮಳೆ ಬಂದರೆ ಬಂಡೆ ಜಾರುತ್ತದೆ, ನಿಲ್ಲುವವರೆಗೆ ಕಾಯಬೇಕು.

ಟಿವಿಯ ಮುಂದೆ ಕೂತ ಅತ್ತೆ ಮೊದಲು, "ಹಸರು ಕಾಣತೈತಿ," ಎಂದರು. ಅವರ ದನಿಯಲ್ಲಿ ಸಂತೋಷವಿತ್ತು. ಅಂಗೈಯ ಯಂತ್ರದಲ್ಲಿ ಅವರಿಗೆ ಏನೂ ಕಂಡಿರಲಿಲ್ಲ. ಇಲ್ಲಿ ಬಣ್ಣವಾದರೂ ಕಾಣುತ್ತಿತ್ತು. "ಕುದರಿ ಎಲ್ಲೈತಿ?" ಎಂದು ಕೇಳಿದರು. ನಡುವೆಯೇ ಇದೆ ಎಂದೆ. ಎದ್ದು ಹೋಗಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಕೈಯಿಂದ ಗಾಜನ್ನು ಸವರಿದರು. ಕುದುರೆ ಅವರ ಅಂಗೈಯ ಕೆಳಗೇ ನಿಂತಿತ್ತು. ಅವರ ಕೈ ಅದನ್ನು ದಾಟಿ ಹುಲ್ಲಿನ ಕಡೆಗೆ ಹೋಯಿತು, ಮತ್ತೆ ಈ ಕಡೆ ಬಂತು. "ಇಲ್ಲೇನು?" ಎಂದರು. ಅವರು ತೋರಿಸಿದ್ದು ಒಂದು ಬಂಡೆಯನ್ನು. ಹೌದ್ರಿ ಎಂದುಬಿಟ್ಟೆ.

ನನ್ನ ಹಿಂದೆ ನಿಂತಿದ್ದ ಮಾಂತೇಶ ಅಡುಗೆಮನೆಗೆ ಹೋದ. ಅತ್ತೆಗೆ ಮಸುಕಾಗಿ ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಇಷ್ಟು ಕಡಿಮೆ ಕಾಣುತ್ತದೆ ಎಂದು ಗೊತ್ತಿರಲಿಲ್ಲ.

ಮುಂದಿನ ವಾರ ಅವರು ಬಿದ್ದರು. ಅಂದು ಕಡಲೆಹಿಟ್ಟಿನ ಝುಣಕ ಮಾಡಿದ್ದೆ. ನಾನು ಒಳಗಿದ್ದಾಗ, ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟು ಬರೋಣವೆಂದು ಅತ್ತೆ ತಾವೇ ಎದ್ದು ಹೋಗಿದ್ದಾರೆ. ಮಳೆಗೆ ಗಟಾರದ ಕಲ್ಲು ಸರಿದಿತ್ತು. ಲೇಥ್ ಶೆಡ್ಡಿನ ಹುಡುಗರು ಓಡಿ ಬಂದು ಎತ್ತಿ ಕರೆತಂದರು. ಮೊಣಕಾಲು ತರಚಿತ್ತು, ಬಲಗೈ ಮಣಿಕಟ್ಟು ಉಳುಕಿತ್ತು, ಸೀರೆಯೆಲ್ಲ ರಾಡಿ. ಅದಕ್ಕಿಂತ ಹೆಚ್ಚಾಗಿ ಅವರಿಗೆ ಹುಡುಗರ ಮುಂದೆ ಬಿದ್ದದ್ದರ ನಾಚಿಕೆ. ನಾನು ಬಿಸಿನೀರಿನಿಂದ ಕಾಲು ತೊಳೆಯುವಾಗ ಒಂದೇ ಸಮನೆ, "ಮಾಂತೇಶಗ ಹೇಳಬ್ಯಾಡ," ಎನ್ನುತ್ತಿದ್ದರು. ಕೈಗೆ ಕಟ್ಟಿದ ಪಟ್ಟಿಯನ್ನು ಮುಚ್ಚಿಡುವುದು ಹೇಗೆ?

ಸಂಜೆ ಬಂದ ಮಾಂತೇಶ ಪಟ್ಟಿ ನೋಡಿದ. ಅವನು ದನಿಯೇರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಗಟಾರದ ಬದಲು ರಸ್ತೇಕ ಹೋಗಿದ್ರ? ಲಾರಿ ಬಂದಿದ್ರ? ನಾಳೆ ದವಾಖಾನಿಗೆ ನಡಿ ಅವ್ವಾ."

"ನನ್ನ ಗರಗಕ್ಕ ಬಿಟ್ಟು ಬಾ."

"ಅಲ್ಲಿ ಹೋದ್ರ ಕಣ್ಣ ಬರತಾವೇನು?"

"ಅಲ್ಲಿ ನನಗ ಕಣ್ಣ ಬೇಕಾಗಿಲ್ಲ. ಗ್ವಾಡಿ ಎಲ್ಲಿ ಐತಿ, ಬಾಂವಿ ಎಲ್ಲಿ ಐತಿ, ಕಾಲಿಗೆ ಗೊತ್ತೈತಿ."

ಅದಾದ ಮೇಲೆ ತಾಯಿ ಮಗ ಮಾತು ಬಿಟ್ಟರು. ಒಬ್ಬರು ಊಟಕ್ಕೆ ಕೂತರೆ ಇನ್ನೊಬ್ಬರಿಗೆ ಹಸಿವಿಲ್ಲ. ಮಾಂತೇಶ ನನ್ನ ಹತ್ತಿರ, "ನನ್ನ ಮಾತು ಕೇಳವಲ್ಲಳು. ನೀ ಒಂದು ಮಾತು ಹೇಳಿ ನೋಡು," ಎಂದ. ಹೊಸದಾಗಿ ಬಂದ ಸೊಸೆ ಹೇಳಿದರೆ ಅದು ಬೇರೆ ಅರ್ಥವಾಗುತ್ತದೆ ಎಂದು ಹೆದರಿ ನಾನು ಸುಮ್ಮನಿದ್ದೆ. ರವಿವಾರ ಗರಗಕ್ಕೆ ಬಿಡುವುದೆಂದು ಆಯಿತು. ಅತ್ತೆ ತಮ್ಮ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಟ್ಟರು.

ಶುಕ್ರವಾರ ಮಧ್ಯಾಹ್ನ ನಾನು ಆಟಕ್ಕೆ ಕೂತೆ. ವಿಮರ್ಶೆಯನ್ನು ಶ್ರಾವಣ ಮುಗಿಯುವುದರೊಳಗೆ ಕೊಡಬೇಕಿತ್ತು, ಆಟ ಇನ್ನೂ ಬಹಳ ಉಳಿದಿತ್ತು. ಕರೆಯದಿದ್ದರೂ ಅತ್ತೆ ಬಂದು ಪಕ್ಕದಲ್ಲಿ ಕೂತರು, ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು. ಹುಡುಗಿ ಎಲ್ಲಿಯವರೆಗೆ ಬಂದಳು ಎಂದು ಕೇಳಿದರು. ಬೆಟ್ಟ ಹತ್ತಿ ಹೋಗುವ ಕಣಿವೆದಾರಿಯ ಹತ್ತಿರ ಬಂದಿದ್ದಾಳೆ, ಇದನ್ನು ದಾಟಿದರೆ ಆಚೆಯ ನಾಡು ಎಂದೆ. ಕುದುರೆಯನ್ನು ಹತ್ತಿಸುತ್ತ, ಎಡಕ್ಕೆ ಪ್ರಪಾತ, ಬಲಕ್ಕೆ ಕೆಂಪು ಕಲ್ಲು, ದಾರಿ ಎತ್ತಿನ ಬಂಡಿಯಷ್ಟೇ ಅಗಲ ಎಂದು ಹೇಳುತ್ತ ಹೋದೆ. ಮೇಲೆ ತಲುಪಿದಾಗ ಮಂಜು ಸರಿಯಿತು. ಆಚೆ ಕಂಡದ್ದನ್ನು ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಬೆಳಕು ಬಿದ್ದ ಒಂದು ಬಯಲು. ಅದರ ಉದ್ದಕ್ಕೂ ನದಿ. ನಾನು ಅಲ್ಲಿಯವರೆಗೆ ಆಡಿದ ಯಾವ ಆಟದಲ್ಲೂ ಅಷ್ಟು ದೂರ ನೋಡಿರಲಿಲ್ಲ.

"ಯಾಕ ಸುಮ್ಮನಾದಿ?"

"ಹೇಳಾಕ ಬರವಲ್ದ್ರಿ ಅತ್ತಿ."

"ಅಂಥಾದ್ದೇನೈತಿ?"

ಏನೇನೋ ಹೇಳಿದೆ. ನದಿ ಎಂದೆ, ಬಿಸಿಲು ಎಂದೆ. ಹೇಳುತ್ತಿದ್ದ ಹಾಗೆ ಅದು ಸಾಲುತ್ತಿಲ್ಲ ಎಂದು ನನಗೇ ತಿಳಿಯುತ್ತಿತ್ತು. ಅವರಿಗೂ ತಿಳಿಯಿತು. ಟಿವಿಯ ಕಡೆ ಮುಖ ಮಾಡಿಕೊಂಡೇ ತಾವಾಗಿ ಹೇಳತೊಡಗಿದರು.

"ನಮ್ಮ ಓಣ್ಯಾಗ ಚೆನ್ನವ್ವ ಅಂತ ಇದ್ಲು. ನನ್ನ ಜೋಡಿ ನೂಲಾಕ ಬರತಿದ್ಲು. ಆಕಿಗೂ ಹಿಂಗ ಪೊರಿ ಬಂತು. ಎಲ್ಲೋ ಕರಕೊಂಡು ಹೋಗಿ ಆಪರೇಶನ್ ಮಾಡಿಸಿದ್ರು, ಎರಡೂ ಕಣ್ಣ ಒಮ್ಮಿಗೆ. ಬಂದ ಮ್ಯಾಲೆ ಕೀವು ಆತು. ಹೋಗೂವಾಗ ಮಂದಿ ನೆರಳರ ಕಾಣತಿತ್ತು ಆಕಿಗೆ. ಆಮ್ಯಾಲೆ ಅದೂ ಹೋತು. ನಾನ ಆಕಿ ಕೈ ಹಿಡಿದು ಗುಡಿಗೆ ಕರಕೊಂಡು ಹೋಗತಿದ್ದೆ. ಕತ್ತಲಾತೇನ ನೀಲಾ, ಕತ್ತಲಾತೇನ, ಅಂತ ಹಾಡಾಹಗಲ ಕೇಳತಿದ್ಲು."

ಮಗನಿಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅವಗ ಹೇಳಿದ್ರ ಅಂಜಬ್ಯಾಡ ಅಂತಾನ. ಅಂಜಬ್ಯಾಡ ಅಂದ್ರ ಅಂಜಿಕಿ ಹೋಗತೈತೇನು?"

ನಾನು ಅಂಜಬೇಡಿ ಎನ್ನಲಿಲ್ಲ. ನನಗೆ ಗೊತ್ತಿದ್ದಷ್ಟನ್ನು ಮಾತ್ರ ಹೇಳಿದೆ. ಈಗ ಎರಡೂ ಕಣ್ಣನ್ನು ಒಟ್ಟಿಗೆ ಮಾಡುವುದಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ಒಂದನ್ನು ಮಾಡಿ, ಅದು ಸರಿಹೋದ ಮೇಲೆ ಇನ್ನೊಂದು. ಔಷಧದ ಹನಿ ತಪ್ಪದೆ ಹಾಕಬೇಕು, ನೀರು ತಾಗಿಸಬಾರದು. ಹನಿ ಹಾಕುವ ಕೆಲಸ ನನ್ನದು, ಒಂದು ಹೊತ್ತೂ ತಪ್ಪಿಸುವುದಿಲ್ಲ ಎಂದೆ. ಇಷ್ಟಾದ ಮೇಲೂ ಬೇಡವೆಂದರೆ ಬೇಡ, ಗರಗಕ್ಕೆ ಬಂದಾಗ ಅಲ್ಲಿಯೇ ಕೂತು ಆಟ ಹೇಳುತ್ತೇನೆ ಎಂದೆ.

ಸಂಜೆ ಮಾಂತೇಶ ಬಂದಾಗ ಅತ್ತೆ ತಾವೇ ಹೋಗಿ ಅವನಿಗೆ ಚಹಾ ಕೊಟ್ಟರು, ಎಡಗೈಯಲ್ಲಿ. "ಎಡಗಣ್ಣ ಒಂದ ಮಾಡ್ಲಿ," ಎಂದರು. "ಬಲಗಣ್ಣ ನನ್ನ ಕಡೆ ಇರಲಿ. ನೋಡೂಣು." ಮಾಂತೇಶ ಕಪ್ಪು ಹಿಡಿದುಕೊಂಡು ನಿಂತೇ ಇದ್ದ. ಆಮೇಲೆ ನನ್ನ ಕಡೆ ನೋಡಿದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣೀರಿಗೆ ಅದೊಂದು ಕಾರಣ ಸಿಕ್ಕಿತು.

ಶ್ರಾವಣದಲ್ಲಿ ಆಪರೇಶನ್ ಆಯಿತು. ಡಾಕ್ಟರು ಹೆಣ್ಣುಮಗಳು, ಒಳಗೆ ಕರೆದುಕೊಂಡು ಹೋಗುವಾಗ ಅತ್ತೆಯ ಕೈ ಹಿಡಿದು ಗರಗದ ಮಳೆ ಬೆಳೆ ಎಲ್ಲ ಕೇಳುತ್ತಿದ್ದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ನನ್ನ ಚೀಲದಲ್ಲಿದ್ದ ಅಂಗೈಯ ಯಂತ್ರವನ್ನು ತೆಗೆದು ಮಾಂತೇಶನ ಕೈಗೆ ಕೊಟ್ಟೆ. ಅವನು ಕೆಂಪು ಶಾಲಿನವನನ್ನು ಮೊದಲನೇ ಮೆಟ್ಟಿಲಿನಿಂದಲೇ ಮತ್ತೆ ಮತ್ತೆ ಬೀಳಿಸಿದ. ಆ ಹೊತ್ತು ಹಾಗೆ ಕಳೆಯಿತು.

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಅತ್ತೆ ರೆಪ್ಪೆ ಬಡಿದು ಬಡಿದು ಮೊದಲು ತಮ್ಮ ಕೈಯನ್ನೇ ನೋಡಿಕೊಂಡರು, ಮುಂದೆ ಹಿಂದೆ ತಿರುಗಿಸಿ. "ಇಷ್ಟ ಮುದುಕಿ ಆದೆನೇನು," ಎಂದರು. ಆಮೇಲೆ ಮಗನನ್ನು ನೋಡಿದರು, ಅವನ ಗಡ್ಡ ಬೆಳೆದದ್ದನ್ನು ಬೈದರು. ನನ್ನ ಮುಖದ ಮೇಲೆ ಕಣ್ಣು ನಿಂತಿತು. ನಮ್ಮ ಮದುವೆಯ ಹೊತ್ತಿಗಾಗಲೇ ಅವರ ಕಣ್ಣು ಮಂಜಾಗಿತ್ತು. ಅಕ್ಷತೆ ಹಾಕಿದ್ದು ಒಂದು ಹಳದಿ ಬಣ್ಣದ ನೆರಳಿಗೆ. ಕೈ ಚಾಚಿ ನನ್ನ ಗಲ್ಲ ಮುಟ್ಟಿದರು.

"ಇಲ್ಲೊಂದು ಮಚ್ಚಿ ಐತಿ ನಿನಗ," ಎಂದರು. "ಯಾರೂ ನನಗ ಹೇಳೇ ಇಲ್ಲ."

ನಾನು ಹನಿ ತಪ್ಪಿಸಲಿಲ್ಲ. ಕೀವು ಆಗಲಿಲ್ಲ, ನೋವೂ ಬರಲಿಲ್ಲ. ಡಾಕ್ಟರು ಟಿವಿ ನೋಡಬಹುದೆಂದ ಮೇಲೆ ಒಂದು ಮಧ್ಯಾಹ್ನ ಆಟ ಹಚ್ಚಿದೆ. ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ ಎಂಬ ಧೈರ್ಯದಲ್ಲಿದ್ದೆ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಕುದರಿ ಛಲೋ ಐತಿ. ಹುಲ್ಲು ಇಷ್ಟ ಹಸರು ಎಲ್ಲೂ ಇರೂದಿಲ್ಲ," ಎಂದರು. ಆಮೇಲೆ ಮುಂದೆ ಬಾಗಿದರು.

"ಆಕಿ ಕಾಲಾಗ ಚಪ್ಪಲಿ ಇಲ್ಲಲ್ಲ. ನೀ ಇದನ್ನ ಹೇಳಿರಲಿಲ್ಲ."

ನಾನು ನೋಡಿದೆ. ಖರೆ. ಅಷ್ಟು ದಿನ ಆ ಹುಡುಗಿಯ ಬೆನ್ನ ಹಿಂದೆಯೇ ಇದ್ದ ನಾನು ಅವಳ ಕಾಲನ್ನು ನೋಡಿಯೇ ಇರಲಿಲ್ಲ. ಸಂಶಯ ಬಂದು ಆಟವನ್ನು ಮೊದಲಿನಿಂದ ಹಚ್ಚಿದೆ. ಮನೆಗೆ ಬೆಂಕಿ ಬಿದ್ದು ಅವಳು ಹೊರಗೆ ಓಡುವ ಮೊದಲ ದೃಶ್ಯದಲ್ಲಿ ಬಾಗಿಲ ಬಳಿ ಒಂದು ಜೊತೆ ಚಪ್ಪಲಿ ಉಳಿದುಹೋಗಿತ್ತು. ಆಟದಲ್ಲಿ ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಮಾಡಿದವರು ಸುಮ್ಮನೆ ಇಟ್ಟುಬಿಟ್ಟಿದ್ದರು.

ವಿಮರ್ಶೆಯನ್ನು ಅಲ್ಲಿಂದ ಶುರುಮಾಡಿದೆ. ಬರಿಗಾಲಿನ ಹುಡುಗಿಯೊಬ್ಬಳು ನಾಡೊಂದನ್ನು ದಾಟುತ್ತಾಳೆ ಎಂದು. ಕಣಿವೆಯ ಆಚೆಯ ಬಯಲಿನ ಬಗ್ಗೆ ಬರೆದೆ, ಅದನ್ನು ನೋಡಲಾಗದವರಿಗೆ ಹೇಳಲು ಹೋಗಿ ಸೋತದ್ದನ್ನೂ ಬರೆದೆ. ಆಟದ ಕೊರತೆಯನ್ನು ಬಿಡಲಿಲ್ಲ. ನಕ್ಷೆಯ ತುಂಬ ಗುರುತು ಚೆಲ್ಲಿ, ಸೊಪ್ಪು ಕೀಳು, ಮೊಟ್ಟೆ ತಾ ಎಂದು ಓಡಾಡಿಸುತ್ತಾರೆ. ಹಳ್ಳಿಯ ಜನ ಹೋದಾಗಲೆಲ್ಲ ಅದೇ ಒಂದು ಮಾತು ಹೇಳುತ್ತಾರೆ. ನದಿ ದಾಟುವ ಹತ್ತಿರದ ಮುದುಕಿಯ ಬಗ್ಗೆ ಅತ್ತೆ, "ಪಾಪ, ಆಕಿಗೆ ಮರವು ಇರಬೇಕು," ಎಂದಿದ್ದರು. ಅದನ್ನೂ ಸೇರಿಸಿದೆ. ಸಂಪಾದಕರು ಒಂದು ಅಕ್ಷರ ಕತ್ತರಿಸದೆ ಹಾಕಿದರು. ಗೇಮು ಎಂದರೆ ಮೂಗು ಮುರಿಯುತ್ತಿದ್ದವರೂ ಓದಿದರು ಎಂದು ಆಮೇಲೆ ಫೋನ್ ಮಾಡಿದರು. ಅಂಕಣವನ್ನು ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ಅದು ವಾರಕ್ಕೊಮ್ಮೆಯಾಯಿತು. ಇವತ್ತಿಗೂ ಬರೆಯುತ್ತಿದ್ದೇನೆ.

ದಸರಾ ಮುಗಿದ ಮೇಲೆ ಬಲಗಣ್ಣನ್ನು ಮಾಡಿಸಿಕೊಳ್ಳಲು ಅತ್ತೆಗೆ ಯಾರೂ ಹೇಳಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಂದಗೋಳ ಕಡೆಯ ಒಬ್ಬ ಅಜ್ಜ ಕೂತು ನಡುಗುತ್ತಿದ್ದ. ಅವನಿಗೆ ತಮ್ಮ ಎಡಗಣ್ಣು ತೋರಿಸಿ, "ನೋಡ್ರಿ, ನಿಮ್ಮ ಮೀಸಿ ಒಂದು ಕಡೆ ಉದ್ದ ಆಗೈತಿ, ನನಗ ಕಾಣತೈತಿ," ಎಂದರು. ಅಜ್ಜ ಮೀಸೆ ಮುಟ್ಟಿಕೊಂಡು ನಕ್ಕ. ಅತ್ತೆ ಒಳಗೆ ಹೋಗುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ.

ದೀಪಾವಳಿಗೆ ಗರಗಕ್ಕೆ ಹೊರಡುವ ಮೊದಲಿನ ಒಂದು ಸಂಜೆ. ಆ ವರ್ಷದ ಕೊನೆಯ ಮಳೆ, ಗುಡುಗಿನ ಜೊತೆ ಬಂದದ್ದು. ಅತ್ತೆ ಬಂದು, "ಅದನ್ನ ಇಲ್ಲಿ ಕೊಡು," ಎಂದು ಆಟ ನಡೆಸುವ ಕಂಟ್ರೋಲರಿಗೆ ಕೈ ಚಾಚಿದರು. ಬೆರಳನ್ನು ಎಲ್ಲಿ ಇಡಬೇಕೆಂದು ತೋರಿಸಿದೆ. ಕುದುರೆ ಮೊದಲು ನಿಂತಲ್ಲಿಯೇ ಗಿರಗಿರ ಸುತ್ತಿ ಒಂದು ಗಿಡಕ್ಕೆ ಗುದ್ದಿತು. ಎರಡು ಸಲ ನದಿಗೆ ಬಿತ್ತು. ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ದೂಡಿದರು. ನಿಧಾನಕ್ಕೆ ನೂಲಿನ ಬೆರಳಿಗೆ ಹದ ಸಿಕ್ಕಿತು. ಎಷ್ಟು ಒತ್ತಿದರೆ ಕುದುರೆ ನಡೆಯುತ್ತದೆ, ಎಷ್ಟಕ್ಕೆ ಓಡುತ್ತದೆ ಎಂದು ತಿಳಿಯಿತು. ಓಡಿಸಲು ಅವರಿಗೆ ಮನಸ್ಸಿರಲಿಲ್ಲ. ತಮ್ಮನನ್ನು ಹುಡುಕುವ ಅವಸರವೂ ಇರಲಿಲ್ಲ. ನದಿಯ ಬದಿ ಹಿಡಿದು, ಮರೆವಿನ ಮುದುಕಿಯನ್ನು ಮಾತಾಡಿಸಿ, ಕಣಿವೆಯ ದಾರಿ ಹಿಡಿದರು. ಕುದುರೆ ಹತ್ತಿತು, ಮಂಜು ಸರಿಯಿತು, ಬಯಲು ತೆರೆದುಕೊಂಡಿತು. ಅತ್ತೆ ಕುದುರೆಯನ್ನು ನಿಲ್ಲಿಸಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಾಂತೇಶ ಕೆಲಸದಿಂದ ಬಂದ, ಮೈಯೆಲ್ಲ ತೊಯ್ದು, ಕೈಯಲ್ಲಿ ಊಟದ ಡಬ್ಬಿ ಹಿಡಿದು. ತಾಯಿಯ ಕೈಯಲ್ಲಿದ್ದದ್ದನ್ನು ಕಂಡು, ನೀರು ಸುರಿಯುತ್ತಿದ್ದ ಹಾಗೆಯೇ ನೆಟ್ಟಗೆ ಬಂದು ನಮ್ಮಿಬ್ಬರ ಮುಂದೆ ನಿಂತು ನೋಡತೊಡಗಿದ.

"ಮಾಂತೇಶಾ," ಎಂದರು ಅತ್ತೆ, ಅವನ ಸೊಂಟದ ಪಕ್ಕದಿಂದ ಬಗ್ಗಿ ಟಿವಿ ನೋಡುತ್ತ. "ಆಚೆ ಸರಿ. ಅಡ್ಡ ನಿಂತೀಯಲ್ಲ, ನನಗ ಕಾಣವಲ್ದು."